ಬಿಸುಡುವುದೇ ಶುದ್ಧಿಯೆ?

ಶ್ರಾವಕನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕಡಿಯುವುದು, ಇವನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆ ಎಂದಿದ್ದಾರೆ. ಬಸದಿಯಲ್ಲಿ ಇದನ್ನು ಕೇಳಿ ತಲೆದೂಗುವ ನಾವು, ನಮ್ಮ ಮಕ್ಕಳು ದುಡಿಯುವ ಪ್ರಯೋಗಾಲಯಗಳಿಗೆ ಈ ಮಾತು ಸಲ್ಲದೆಂದು ಭಾವಿಸಿದ್ದೇವೆ. ಈ ಭಾವನೆ ತಪ್ಪು.

ಪ್ರೋಟೀನಿನ ರಚನೆಯನ್ನು ಕ್ಷಕಿರಣದಿಂದ ಅರಿಯುವ ಶಾಸ್ತ್ರವನ್ನೇ ನೋಡೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಅಧ್ಯಯನ ದಶಕಗಳಿಂದ ನಡೆದುಬಂದಿದೆ. ಪ್ರೋಟೀನಿನ ಪುಟ್ಟ ಹರಳನ್ನು ಕೂದಲಿಗಿಂತ ತೆಳುವಾದ ನೈಲಾನ್ ಎಳೆಯ ಕುಣಿಕೆಯಲ್ಲಿ ಎತ್ತಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದುತ್ತಾರೆ. ಕುಣಿಕೆಯು ಉಕ್ಕಿನ ಕಡ್ಡಿಗೂ, ಕಡ್ಡಿಯು ಅಯಸ್ಕಾಂತ ಹಿಡಿಯುವ ಪೀಠಕ್ಕೂ ಸೇರಿರುತ್ತದೆ. ಕ್ಷಕಿರಣಕ್ಕೆ ಹರಳು ಕೆಡಬಹುದು, ಪೀಠ ಕೆಡುವುದಿಲ್ಲ. ಕುಣಿಕೆಯನ್ನೂ ನೀರು, ಆಲ್ಕೊಹಾಲುಗಳಲ್ಲಿ ತೊಳೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮತ್ತೆ ಬಳಸಬಹುದು. ಕುಣಿಕೆ ಹರಿದರೆ ಅದೇ ಪೀಠಕ್ಕೆ ಹೊಸ ಕಡ್ಡಿ ಕೂಡಿಸಬಹುದು. ಹೀಗಿರುವಾಗ ಎಲ್ಲವನ್ನೂ ಒಟ್ಟಾಗಿ ಕಸದ ಬುಟ್ಟಿಗೆ ಹಾಕುವುದು ಪ್ರಮಾದವಲ್ಲದೆ ಮತ್ತೇನು?

‘ಹೊಸದೇ ಶುದ್ಧ, ತೊಳೆದು ಬಳಸುವುದು ಜಿಪುಣತನ’ ಎನ್ನುವವರುಂಟು. ಅಭಿಷೇಕದ ಕಲಶವನ್ನು ನಾವು ದಿನವೂ ಬಿಸುಡುತ್ತೇವೆಯೆ? ಬೆಳಗಿ ಇಡುತ್ತೇವೆ. ಶುದ್ಧಿಯಿರುವುದು ತೊಳೆಯುವವನ ಎಚ್ಚರದಲ್ಲಿ.

‘ಕುಣಿಕೆ ಅಗ್ಗ, ಸಂಶೋಧಕನ ಸಮಯ ದುಬಾರಿ’ ಎಂಬುದು ಇನ್ನೊಂದು ವಾದ. ಲೆಕ್ಕದ ಪುಸ್ತಕದಲ್ಲೇ ಆಯುಷ್ಯ ಕಳೆದ ನನಗೆ ಈ ಲೆಕ್ಕ ಅಪೂರ್ಣವೆನಿಸುತ್ತದೆ. ಉಕ್ಕಿಗಾಗಿ ಅಗೆದ ನೆಲ, ಉರಿಸಿದ ಬೆಂಕಿ, ಬಳಸಿದ ನೀರು ಯಾವ ರಶೀದಿಯಲ್ಲಿಯೂ ಬರುವುದಿಲ್ಲ. ಪೃಥ್ವೀಕಾಯ, ಅಗ್ನಿಕಾಯ, ಜಲಕಾಯ ಜೀವಗಳನ್ನು ನಂಬುವ ನಾವಾದರೂ ಆ ಖರ್ಚನ್ನು ಬರೆದುಕೊಳ್ಳಬೇಡವೆ?

ಆದರೆ ಉಳಿತಾಯದ ಹೆಸರಿನಲ್ಲಿ ಲೋಭವೂ ನುಸುಳಬಾರದು. ಹಿಂದಿನ ಹರಳಿನ ಚೂರು ಉಳಿದ ಕುಣಿಕೆಯು ಹೊಸ ಪ್ರಯೋಗವನ್ನು ಕೆಡಿಸೀತು. ಆಗ ಸತ್ಯಕ್ಕೇ ಭಂಗ. ಬಾಗಿದ ಕಡ್ಡಿಯನ್ನು ಯಂತ್ರಕ್ಕೆ ಒಡ್ಡಬಾರದು. ವಿಷವಸ್ತು ಅಥವಾ ರೋಗಾಣು ತಗುಲಿದ್ದನ್ನು ನಿಯಮದಂತೆ ವಿಸರ್ಜಿಸಲೇಬೇಕು. ನೋಡಿ ಎತ್ತುವುದು, ನೋಡಿ ಇಡುವುದು: ಮುನಿಗಳ ಆದಾನನಿಕ್ಷೇಪ ಸಮಿತಿ ಕಲಿಸುವುದು ಇದನ್ನೇ.

ವಿಜ್ಞಾನ ವಿದ್ಯಾರ್ಥಿಗಳಿಗೆ ನೆರವು ನೀಡುವ ಬಸದಿಗಳ ಟ್ರಸ್ಟುಗಳಲ್ಲಿ ನನ್ನ ವಿನಂತಿ ಇಷ್ಟೆ. ಅಂಕಪಟ್ಟಿಯನ್ನು ಕೇಳುವಂತೆ, ‘ಬಳಸಿದ ವಸ್ತುವನ್ನು ಏನು ಮಾಡುತ್ತೀಯೆ?’ ಎಂದೂ ಕೇಳಿರಿ. ಆ ಪ್ರಶ್ನೆಗೆ ತಡವರಿಸುವವನಿಗೆ ವ್ರತವನ್ನು ತಿಳಿಸಿಕೊಡಲು ನಾವು ಮರೆತಿದ್ದೇವೆ ಎಂದೇ ಅರ್ಥ.