ಓನರ್ ಅಮೆರಿಕದಲ್ಲಿ, ತಲೆನೋವು ಬಾಡಿಗೆದಾರರಿಗೆ

ವೈಟ್‌ಫೀಲ್ಡ್‌ನಲ್ಲಿ ಬಾಡಿಗೆಗಿರುವ ನನ್ನ ಎಂಜಿನಿಯರಿಂಗ್ ಕ್ಲಾಸ್‌ಮೇಟ್ ಮೊನ್ನೆ ಫೋನ್ ಮಾಡಿದ್ದ. ಬಾಡಿಗೆ ತಿಂಗಳಿಗೆ 40 ಸಾವಿರ, ಓನರ್ ಇರೋದು ಕ್ಯಾಲಿಫೋರ್ನಿಯಾದಲ್ಲಿ. "ಬಾಡಿಗೇಲಿ ಟಿಡಿಎಸ್ ಹಿಡೀಬೇಕಂತೆ ಕಣೋ, ನಿಜಾನಾ?" ಅಂದ.

ನಿಜ. ಓನರ್ ಭಾರತದಲ್ಲೇ ಇದ್ದಿದ್ದರೆ ಅವನಿಗೆ ಈ ತಾಪತ್ರಯ ಇರುತ್ತಿರಲಿಲ್ಲ. ತಿಂಗಳ ಬಾಡಿಗೆ 50 ಸಾವಿರ ದಾಟಿದರೆ ಮಾತ್ರ ಟಿಡಿಎಸ್, ಅದೂ ಶೇ 2. ಅದನ್ನು ಕಟ್ಟೋಕೆ ನಮ್ಮ ಪ್ಯಾನ್ ಸಾಕು. ಆದರೆ ಓನರ್ ಅನಿವಾಸಿಯಾದರೆ ಕನಿಷ್ಠ ಮಿತಿಯೇ ಇಲ್ಲ. ಮೊದಲ ರೂಪಾಯಿಯಿಂದಲೇ ಶೇ 30 ತೆರಿಗೆ, ಅದರ ಮೇಲೆ ಸೆಸ್, ಒಟ್ಟು ಶೇ 31.2. ಬಾಡಿಗೆದಾರ ಟ್ಯಾನ್ ನಂಬರ್ ಮಾಡಿಸಬೇಕು, ತಿಂಗಳು ತಿಂಗಳು ತೆರಿಗೆ ಕಟ್ಟಬೇಕು, ಮೂರು ತಿಂಗಳಿಗೊಮ್ಮೆ ಟಿಡಿಎಸ್ ವಿವರ ಸಲ್ಲಿಸಬೇಕು. ಹಿಡಿಯದಿದ್ದರೆ ತೆರಿಗೆ ಬಾಕಿದಾರ ಅವನೇ. ಬಡ್ಡಿ, ದಂಡ ಬೇರೆ.

ಈಗ ಓನರ್ ಕಡೆಯಿಂದ ನೋಡಿ. ವರ್ಷದ ಬಾಡಿಗೆ 4.8 ಲಕ್ಷ. ಶೇ 30ರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಉಳಿಯೋದು 3.36 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಇಲ್ಲಿ ಬೇರೆ ಆದಾಯ ಇಲ್ಲದಿದ್ದರೆ ಅವರು ಕಟ್ಟಬೇಕಾದ ತೆರಿಗೆ ಸೊನ್ನೆ. ಆದರೂ ವರ್ಷಕ್ಕೆ 1,49,760 ರೂಪಾಯಿ ಸರ್ಕಾರದ ಹತ್ತಿರ ಹೋಗಿ ಕೂತಿರುತ್ತೆ. ವಾಪಸ್ ಬೇಕು ಅಂದ್ರೆ ರಿಟರ್ನ್ಸ್ ಹಾಕಿ ಕಾಯಬೇಕು.

ಹಾಗಾಗಿಯೇ ಓನರ್‌ಗಳು "ಊರಲ್ಲಿರೋ ಅಪ್ಪನ ಅಕೌಂಟಿಗೆ ಹಾಕಿಬಿಡಿ, ಟಿಡಿಎಸ್ ಎಲ್ಲ ಬೇಡ" ಅನ್ನೋದು. ದುಡ್ಡು ಯಾರ ಅಕೌಂಟಿಗೆ ಹೋಯಿತು ಅನ್ನೋದಲ್ಲ ಪ್ರಶ್ನೆ. ಮನೆ ಯಾರದ್ದು, ಅವರು ಅನಿವಾಸಿಯೇ ಅನ್ನೋದು. ಎಚ್‌ಆರ್‌ಎ ಪಡೆಯೋಕೆ ನೀವು ಓನರ್ ಪ್ಯಾನ್ ಕೊಟ್ಟಿರುತ್ತೀರಿ. ಇಲಾಖೆಗೆ ತಾಳೆ ಹಾಕೋದು ಕಷ್ಟವೇನಲ್ಲ. ಓನರ್ ಕ್ಯಾಲಿಫೋರ್ನಿಯಾದಲ್ಲಿರ್ತಾರೆ, ಇಲ್ಲೇ ಕೈಗೆ ಸಿಗೋದು ಬಾಡಿಗೆದಾರ.

ವಿದೇಶದಲ್ಲಿರುವವರ ಆದಾಯಕ್ಕೆ ಮೂಲದಲ್ಲೇ ತೆರಿಗೆ ಹಿಡಿಯೋದು ತಪ್ಪಲ್ಲ. ಆಮೇಲೆ ವಸೂಲಿ ಮಾಡೋದು ಕಷ್ಟ. ಆದರೆ ಕಂಪನಿಗಳ ನಡುವಿನ ದೊಡ್ಡ ಪಾವತಿಗೆ ಒಪ್ಪುವ ವ್ಯವಸ್ಥೆಯನ್ನೇ ಎರಡು ಬೆಡ್‌ರೂಮ್ ಮನೆಗೂ ತೊಡಿಸಿದರೆ ಜನ ಪಾಲಿಸೋದಿಲ್ಲ, ತಪ್ಪಿಸಿಕೊಳ್ಳೋ ದಾರಿ ಹುಡುಕ್ತಾರೆ. ಅನಿವಾಸಿಗಳಿಂದ ಮನೆ ಕೊಳ್ಳುವವರಿಗೆ ಟ್ಯಾನ್ ಬೇಡ, ಪ್ಯಾನ್ ಸಾಕು ಅಂತ 2026ರ ಬಜೆಟ್ ಪ್ರಸ್ತಾಪಿಸಿತು. ಮನೆ ಕೊಳ್ಳುವವರಿಗೆ ಆಗುವುದಾದರೆ ಬಾಡಿಗೆಗಿರುವವರಿಗೆ ಯಾಕಾಗಲ್ಲ? ಪ್ಯಾನ್ ಆಧಾರದ ಒಂದೇ ಫಾರ್ಮ್, ಸಣ್ಣ ಬಾಡಿಗೆಗೆ ಕಡಿಮೆ ದರ: ಇಷ್ಟಾದರೆ ಓನರ್‌ಗೂ ತೆರಿಗೆ ತಪ್ಪಿಸುವ ಆಸೆ ಇರಲ್ಲ.

ಅಲ್ಲಿವರೆಗೆ ಅಗ್ರಿಮೆಂಟಿಗೆ ಸಹಿ ಹಾಕುವ ಮುಂಚೆ "ನೀವು ಅನಿವಾಸಿನಾ ಸಾರ್?" ಅಂತ ಕೇಳಿ, ಉತ್ತರವನ್ನು ಅಗ್ರಿಮೆಂಟಲ್ಲೇ ಬರೆಸಿ. ಹೌದು ಅಂದ್ರೆ, ಕಡಿಮೆ ದರದ ಟಿಡಿಎಸ್ ಸರ್ಟಿಫಿಕೇಟನ್ನು ಇಲಾಖೆಯಿಂದ ಅವರೇ ತರಲಿ. ಅದು ಬರೋವರೆಗೆ ನನ್ನ ಗೆಳೆಯ ತಿಂಗಳಿಗೆ 12,480 ರೂಪಾಯಿ ಹಿಡಿಯಲೇಬೇಕು. ಓನರ್‌ಗೆ ಇನ್ನೂ ಹೇಳಿಲ್ಲವಂತೆ. ಮನೆ ಖಾಲಿ ಮಾಡು ಅಂದುಬಿಟ್ಟರೆ ಅನ್ನೋ ಭಯ ಅವನಿಗೆ.