ಎ.ಸಿ. ಅಂದರೆ ಯಾವ ಎ.ಸಿ.?

ಪುತ್ತೂರಿನ ದರ್ಬೆಯಲ್ಲಿ ಬಸ್ಸಿಗೆ ಕಾಯುವವರ ಮಾತಿಗೆ ಕಿವಿಗೊಟ್ಟರೆ ಎರಡೇ ಅಕ್ಷರ ಹಲವು ವೇಷ ಹಾಕಿ ಬರುವುದನ್ನು ಕೇಳಬಹುದು. ಜಾಗದ ತಕರಾರು ಇರುವವರು "ಎ.ಸಿ.ಯವರಲ್ಲಿ ಕೇಸು ಉಂಟು" ಎನ್ನುತ್ತಾರೆ. ಬೆಂಗಳೂರಿಗೆ ಹೊರಟವರು "ಎ.ಸಿ. ಬಸ್ಸಿನಲ್ಲಿ ಸೀಟು ಸಿಕ್ಕಿತು" ಎನ್ನುತ್ತಾರೆ. ಕಾಲೇಜು ವಿದ್ಯಾರ್ಥಿಗಳಿಗೆ ಪರೀಕ್ಷೆಗೆ ಎ.ಸಿ., ಡಿ.ಸಿ. ಪಾಠ ಓದಲಿಕ್ಕಿರುತ್ತದೆ. ಮೂವರೂ ಹೇಳಿದ್ದು ಒಂದೇ ಪದವೇ? ಖಂಡಿತ ಅಲ್ಲ.

ಮೊದಲನೆಯದು ಅಸಿಸ್ಟೆಂಟ್ ಕಮಿಷನರ್, ಅಂದರೆ ಕಂದಾಯ ಉಪವಿಭಾಗದ ಸಹಾಯಕ ಆಯುಕ್ತರು. ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ತಾಲೂಕುಗಳು ಪುತ್ತೂರಿನ ಎ.ಸಿ.ಯವರ ವ್ಯಾಪ್ತಿಗೆ ಬರುತ್ತವೆ. ಇವರ ಮೇಲಿನವರು ಮಂಗಳೂರಿನಲ್ಲಿರುವ ಡಿ.ಸಿ., ಅಂದರೆ ಡೆಪ್ಯುಟಿ ಕಮಿಷನರ್. 1956ರ ನವೆಂಬರ್ 1ರವರೆಗೆ ಜಿಲ್ಲೆಯು ಮದರಾಸಿಗೆ ಸೇರಿದ್ದರಿಂದ ಆ ಹುದ್ದೆಗೆ ಕಲೆಕ್ಟರ್ ಎಂಬ ಹೆಸರಿತ್ತು.

ವಿಜ್ಞಾನದ ಪುಸ್ತಕದಲ್ಲಿಯೂ ಎ.ಸಿ., ಡಿ.ಸಿ. ಜೋಡಿಯೇ. ಆದರೆ ಇಲ್ಲಿ ಮೇಲಧಿಕಾರಿ, ಕೆಳಗಿನವರು ಎಂಬುದಿಲ್ಲ. ಎ.ಸಿ. ಎಂದರೆ ಆಲ್ಟರ್ನೇಟಿಂಗ್ ಕರೆಂಟ್, ದಿಕ್ಕು ಬದಲಿಸುತ್ತಲೇ ಇರುವ ಪರ್ಯಾಯ ಪ್ರವಾಹ. ಡಿ.ಸಿ. ಎಂದರೆ ಡೈರೆಕ್ಟ್ ಕರೆಂಟ್, ಒಂದೇ ದಿಕ್ಕಿನ ನೇರ ಪ್ರವಾಹ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟಿನ ಎ.ಸಿ.; ಅದು ಸೆಕೆಂಡಿಗೆ 50 ಆವರ್ತಗಳನ್ನು ಮುಗಿಸುತ್ತದೆ. ಟಾರ್ಚಿನ ಸೆಲ್, ಬೈಕಿನ ಬ್ಯಾಟರಿ ಕೊಡುವುದು ಡಿ.ಸಿ. ಹಾಗಾದರೆ "ಎ.ಸಿ. ಕರೆಂಟ್" ಎಂದರೆ "ಪರ್ಯಾಯ ಪ್ರವಾಹ ಪ್ರವಾಹ" ಎಂದಂತಾಯಿತಲ್ಲವೇ?

ದೂರದ ಊರಿಗೆ ವಿದ್ಯುತ್ ಒಯ್ಯಲು ಎ.ಸಿ. ಏಕೆ ಬೇಕಾಯಿತು? ತಂತಿ ಬಿಸಿಯಾಗಿ ನಷ್ಟವಾಗುವ ಶಕ್ತಿಯು ಪ್ರವಾಹದ ವರ್ಗವನ್ನು ಅವಲಂಬಿಸಿದೆ. ಅಷ್ಟೇ ವಿದ್ಯುತ್ತನ್ನು ಹತ್ತು ಪಟ್ಟು ವೋಲ್ಟೇಜಿನಲ್ಲಿ ಕಳುಹಿಸಿದರೆ ಪ್ರವಾಹ ಹತ್ತರಲ್ಲೊಂದಾಗುತ್ತದೆ, ನಷ್ಟ ನೂರರಲ್ಲೊಂದಾಗುತ್ತದೆ. ವೋಲ್ಟೇಜನ್ನು ಹೀಗೆ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್ ಬದಲಾಗುತ್ತಿರುವ ಪ್ರವಾಹಕ್ಕೆ ಮಾತ್ರ ಸ್ಪಂದಿಸುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಈ ಉಪಾಯದಿಂದಲೇ. ಸ್ವಾರಸ್ಯವೆಂದರೆ, 2003ರಲ್ಲಿ ಒರಿಸ್ಸಾದ ತಾಲ್ಚೇರಿನಿಂದ ಅದೇ ಕೋಲಾರ ಜಿಲ್ಲೆಗೆ ಬಂದ ಭಾರೀ ವಿದ್ಯುತ್ ಮಾರ್ಗ ಡಿ.ಸಿ.ಯದು! ಅಷ್ಟರಲ್ಲಿ ಹೆಚ್ಚು ವೋಲ್ಟೇಜಿನ ಎ.ಸಿ.ಯನ್ನು ಡಿ.ಸಿ. ಮಾಡಿ, ಪುನಃ ಎ.ಸಿ.ಗೆ ತಿರುಗಿಸುವ ಎಲೆಕ್ಟ್ರಾನಿಕ್ ಸಾಧನಗಳು ಬಂದಿದ್ದವು.

ತಂಪು ಮಾಡುವ ಎ.ಸಿ. ಏರ್ ಕಂಡೀಷನರ್. ಅದೂ 1902ರದೇ ಕೂಸು. ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಜಾಗ ತಪ್ಪುತ್ತಿದ್ದವು. ಇದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಅದನ್ನು ರೂಪಿಸಿದ. ಅಂದರೆ ಎ.ಸಿ. ಹುಟ್ಟಿದ್ದು ಮನುಷ್ಯರ ಬೆವರು ಆರಿಸಲು ಅಲ್ಲ, ಕಾಗದದ ತೇವ ತೆಗೆಯಲು.

ಇನ್ನು ಕೆಲವು ಅರ್ಥಗಳಲ್ಲಿ ಎಡವಿದರೆ ನಷ್ಟ ನಮ್ಮದೇ. ಚೆಕ್ಕಿನ ಮೂಲೆಯಲ್ಲಿ ಎರಡು ಗೆರೆ ಎಳೆದು "ಎ/ಸಿ ಪೇಯಿ" ಎಂದು ಬರೆದರೆ ಅಲ್ಲಿ ಎ/ಸಿ ಎಂದರೆ ಅಕೌಂಟ್. ಹಣ ಹೆಸರಿರುವವರ ಖಾತೆಗೇ ಹೋಗಬೇಕು. ವೈದ್ಯರ ಚೀಟಿಯಲ್ಲಿ ಎ.ಸಿ. ಎಂದಿದ್ದರೆ ಅದು ಇಂಗ್ಲಿಷೇ ಅಲ್ಲ. 'ಆಂಟೆ ಸಿಬುಮ್' ಎಂಬ ಲ್ಯಾಟಿನ್ ಮಾತಿನ ಹ್ರಸ್ವರೂಪ, 'ಊಟಕ್ಕೆ ಮೊದಲು' ಎಂದರ್ಥ. ಪಿ.ಸಿ. ಎಂದರೆ ಊಟದ ನಂತರ. ಥೈರಾಯ್ಡಿನ ಮಾತ್ರೆಯನ್ನು ಆಹಾರದ ಜೊತೆ ನುಂಗಿದರೆ ದೇಹ ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕೆಲವು ನೋವಿನ ಮಾತ್ರೆಗಳು ಬರಿಹೊಟ್ಟೆಗೆ ಹೋದರೆ ಜಠರವನ್ನು ಕೆರಳಿಸುತ್ತವೆ. ಅಜ್ಜಿಗೆ ಮಾತ್ರೆ ಕೊಡುವ ಮೊಮ್ಮಕ್ಕಳು ಅಕ್ಷರ ನೋಡಿ ಊಹಿಸಬಾರದು; ಔಷಧಿ ಅಂಗಡಿಯಲ್ಲಿ ಕೇಳಿ, ಪೊಟ್ಟಣದ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಬೇಕು.

ಮಳೆಗಾಲದ ಇನ್ನೊಂದು ಎಚ್ಚರ: ಇನ್ವರ್ಟರಿನ ಬ್ಯಾಟರಿ 12 ವೋಲ್ಟಿನದಾದರೂ ಅದರ ಡಿ.ಸಿ.ಯನ್ನು ಇನ್ವರ್ಟರ್ 230 ವೋಲ್ಟಿನ ಎ.ಸಿ.ಯಾಗಿ ಮಾಡಿ ಮನೆಯ ತಂತಿಗೆ ಹರಿಸುತ್ತದೆ. ಲೈನು ಹೋಗಿದೆ ಎಂದು ಸ್ವಿಚ್ ಬೋರ್ಡಿಗೆ ಕೈ ಹಾಕಿದರೆ ಪ್ರಾಣಕ್ಕೇ ಅಪಾಯ.

ವಿದ್ಯಾರ್ಥಿಗಳೇ, ಉತ್ತರ ಪತ್ರಿಕೆಯಲ್ಲಿ ಹ್ರಸ್ವರೂಪವನ್ನು ಮೊದಲ ಸಲ ಬಳಸುವಾಗ ಪೂರ್ಣರೂಪವನ್ನೂ ಬರೆಯಿರಿ. ರಸಾಯನಶಾಸ್ತ್ರದಲ್ಲಿ ಇವೇ ಎರಡು ಅಕ್ಷರ ಆಕ್ಟಿನಿಯಮ್ ಎಂಬ ಮೂಲವಸ್ತುವಿನ ಸಂಕೇತ. ಪರಮಾಣು ಸಂಖ್ಯೆ 89. ಅಲ್ಲಿ ಎರಡನೆಯದು ಸಣ್ಣಕ್ಷರ, ನಡುವೆ ಚುಕ್ಕೆ ಇಲ್ಲ. ಚುಕ್ಕೆ, ಗೆರೆ, ಅಕ್ಷರದ ಗಾತ್ರ ಇವೂ ಅರ್ಥ ಹೇಳುತ್ತವೆ. ಹಿರಿಯರೂ ಅಷ್ಟೇ, ಗೊತ್ತಿಲ್ಲದ ಎರಡಕ್ಷರ ಕಂಡಾಗ "ಹಾಗೆಂದರೆ ಏನು?" ಎಂದು ಕೇಳಲು ನಾಚಬೇಕಾಗಿಲ್ಲ.