ಸಾವಿರ ಅಡಿ ಬೋರ್‌ಗೂ ನೀರಿಲ್ಲ, ಸೆಲ್ಲಾರ್‌ಗೆ ಮಾತ್ರ ಎಲ್ಲಿಂದ ಬರುತ್ತೆ?

ಕೋಲಾರ: ಸಾವಿರ ಅಡಿ ಕೊರೆಸಿದ್ರೂ ಬೋರ್‌ವೆಲ್‌ನಲ್ಲಿ ನೀರು ಸಿಗೋ ಗ್ಯಾರಂಟಿ ಇಲ್ಲದ ಜಿಲ್ಲೆ ನಮ್ಮದು. ಅಂಥ ಕಡೆ ಒಂದು ಜೋರು ಮಳೆ ಬಂದ್ರೆ ಹತ್ತೇ ಅಡಿ ಆಳದ ಸೆಲ್ಲಾರ್‌ನಲ್ಲಿ ನೀರು ನಿಲ್ಲುತ್ತೆ. ಅಕ್ಕಿ ಮೂಟೆ, ಬಟ್ಟೆ ಬಂಡಲ್, ಸಿಮೆಂಟ್ ಚೀಲ ಎಲ್ಲ ಹಾಳು. ಆಮೇಲೆ ಗೋಡೆಗೆ ವಾಟರ್‌ಪ್ರೂಫ್ ಪೇಂಟ್ ಬಳಿಸೋದು, ಮುಂದಿನ ಮಳೆಗೆ ಅದು ಉದುರೋದು. ನೀರು ಯಾವ ದಾರೀಲಿ ಬರ್ತಿದೆ ಅಂತ ನೋಡದೆ ದುಡ್ಡು ಹಾಕಿದ್ರೆ ಹೀಗೇ ಆಗೋದು.

ಬೋರ್ ನೀರೇ ಬೇರೆ, ಸೆಲ್ಲಾರ್ ನೀರೇ ಬೇರೆ

ಬೋರ್‌ವೆಲ್ ನೀರು ಬರೋದು ಆಳದ ಬಂಡೆ ಬಿರುಕುಗಳಿಂದ. ಸೆಲ್ಲಾರ್‌ಗೆ ಬರೋದು ಮೇಲ್ಮಣ್ಣಿನ ನೀರು. ಮಳೆ ನೀರು, ಒಡೆದ ಚರಂಡಿ, ಸೋರೋ ನಲ್ಲಿ ಪೈಪ್, ಯುಜಿಡಿ ಲೈನ್, ಇಷ್ಟೂ ಸೇರಿ ಮಣ್ಣು ನೆನೆಯುತ್ತೆ. ಸೆಲ್ಲಾರ್ ಅಂದ್ರೆ ಆ ಮಣ್ಣಲ್ಲಿ ಇಳಿಸಿದ ಖಾಲಿ ತೊಟ್ಟಿ ಇದ್ದ ಹಾಗೆ. ಬೋರ್ ಬತ್ತಿದೆ ಅಂತ ಸೆಲ್ಲಾರ್ ಒಣಗಿರಬೇಕು ಅಂತೇನಿಲ್ಲ.

ಇನ್ನೊಂದು ವಿಷಯ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಬರಿದಾಗಿದ್ದ ಎಷ್ಟೋ ಕೆರೆಗಳಲ್ಲಿ ನೀರು ನಿಂತಿದೆ. ರೈತರಿಗೆ ಅದು ಬೇಕಾದದ್ದೇ. ಆದರೆ ಕೆರೆ ತುಂಬಿದ್ರೆ ಕೆರೆ ಕೆಳಗಿನ ತಗ್ಗು ಜಾಗದ ಮಣ್ಣಿನ ತೇವವೂ ಏರುತ್ತೆ. ಕೆರೆ ಒಣಗಿದ್ದ ಕಾಲದ ಲೆಕ್ಕದಲ್ಲಿ ಕಟ್ಟಿದ ಸೆಲ್ಲಾರ್‌ಗೆ ಈಗ ಆ ಲೆಕ್ಕ ಸಾಲದು.

ಪೇಂಟ್ ಯಾಕೆ ನಿಲ್ಲಲ್ಲ?

ಗೋಡೆ ಆಚೆ 1 ಮೀಟರ್ ನೀರು ನಿಂತ್ರೆ, ತಳದಲ್ಲಿ ಪ್ರತಿ ಚದರ ಮೀಟರ್‌ಗೆ ಸುಮಾರು 1 ಟನ್ ಒತ್ತಡ ಬೀಳುತ್ತೆ. 2 ಮೀಟರ್‌ಗೆ 2 ಟನ್. ಒಳಗಿಂದ ಬಳಿದ ಪೇಂಟನ್ನ ಆ ನೀರು ಹಿಂದಿನಿಂದ ತಳ್ಳುತ್ತೆ. ಅದಕ್ಕೇ ಮೊದಲು ಬಿಳಿ ಉಪ್ಪು ಕಾಣಿಸುತ್ತೆ, ಆಮೇಲೆ ಗುಳ್ಳೆ ಏಳುತ್ತೆ, ಕೊನೆಗೆ ಗಾರೆ ಸಮೇತ ಉದುರುತ್ತೆ. ವಾಟರ್‌ಪ್ರೂಫಿಂಗ್ ಆಗಬೇಕಾದ್ದು ಗೋಡೆಯ ಹೊರಗಡೆ, ಅದೂ ಮಣ್ಣು ತುಂಬೋ ಮೊದಲು.

ಮೊದಲು ಪತ್ತೆ ಮಾಡಿ

ಮಳೆ ಶುರುವಾದ ಅರ್ಧ ಗಂಟೆಯಲ್ಲೇ ನೀರು ಬಂದ್ರೆ ಅದು ಹೆಚ್ಚಾಗಿ ರಸ್ತೆಯಿಂದ, ಇಳಿಜಾರಿನ ಮೂಲಕ ಬರೋ ನೀರು. ಮಳೆ ನಿಂತ ಒಂದೆರಡು ದಿನಕ್ಕೆ ಗೋಡೆ ಬುಡದಲ್ಲಿ ಜಿನುಗಿದ್ರೆ ಮಣ್ಣಿನ ನೀರು. ಬೇಸಿಗೆಯಲ್ಲೂ ಒದ್ದೆ ಇದ್ರೆ ಪೈಪ್, ಸಂಪು ಅಥವಾ ಚರಂಡಿ ಮೇಲೆ ಅನುಮಾನ ಪಡಿ. ಗೋಡೆ ಬರೀ ತೇವ ಅನ್ನಿಸಿದ್ರೆ ಒಂದು ಪ್ಲಾಸ್ಟಿಕ್ ಹಾಳೆಯನ್ನ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಒಂದು ದಿನ ಬಿಡಿ. ಹಾಳೆಯ ಹಿಂದೆ ಒದ್ದೆಯಾದ್ರೆ ಗೋಡೆಯಿಂದ ಬರ್ತಿದೆ. ಮೇಲೆ ಹನಿ ಕೂತಿದ್ರೆ ಗಾಳಿಯ ತೇವ, ಅದಕ್ಕೆ ಒಂದು ಎಕ್ಸಾಸ್ಟ್ ಫ್ಯಾನ್ ಸಾಕಾಗಬಹುದು.

ರಸ್ತೆ ನೀರಿಗೆ ಮದ್ದು ಸುಲಭ. ಇಳಿಜಾರು ಶುರುವಾಗೋ ಕಡೆ ರಸ್ತೆಗಿಂತ ಎತ್ತರಕ್ಕೆ ಒಂದು ದಿಬ್ಬ, ಕೆಳಗೆ ಜಾಲರಿ ಹಾಕಿದ ಅಡ್ಡ ಕಾಲುವೆ. ಮಣ್ಣಿನ ನೀರಿಗೆ ಮೂಲೆಯಲ್ಲಿ ಸಣ್ಣ ಗುಂಡಿ, ನೀರು ಏರಿದ್ರೆ ತಾನೇ ಆನ್ ಆಗೋ ಫ್ಲೋಟ್ ಸ್ವಿಚ್ ಮೋಟರ್. ಚರಂಡಿಗೆ ಬಿಟ್ಟಿರೋ ಪೈಪ್‌ಗೆ ನೀರು ವಾಪಸ್ ಬರದ ವಾಲ್ವ್ ಇರಲಿ. ಸರಕನ್ನ ನೆಲದಿಂದ ಒಂದು ಅಡಿ ಮೇಲೆ ಹಲಗೆ ಹಾಕಿ ಜೋಡಿಸಿ.

ಎಲ್ಲ ತಪ್ಪೂ ಅಂಗಡಿಯವರದ್ದಲ್ಲ

ಹಳೇ ಡಾಂಬರು ಕೆರೆಯದೆ ಅದರ ಮೇಲೇ ಹೊಸದು ಹಾಕ್ತಾ ಹೋದ್ರೆ ಪ್ರತಿ ಸಲ ರಸ್ತೆ ಏರುತ್ತೆ, ಅಂಗಡಿ ಇದ್ದಲ್ಲೇ ಇರುತ್ತೆ. ಕಟ್ಟಿದಾಗ ರಸ್ತೆಗಿಂತ ಎತ್ತರ ಇದ್ದ ಬಾಗಿಲು ಕೊನೆಗೆ ತಗ್ಗಿಗೆ ಬರುತ್ತೆ. ರಸ್ತೆ ಕೆಲಸದ ಟೆಂಡರ್‌ನಲ್ಲಿ ಹಳೇ ಪದರ ಕೆರೆಯೋದು ಸೇರಿದೆಯಾ, ಚರಂಡಿ ಹೂಳು ಯಾವಾಗ ತೆಗೀತಾರೆ, ಇದನ್ನ ವ್ಯಾಪಾರಿಗಳು ಒಟ್ಟಾಗಿ ನಗರಸಭೆ, ಪುರಸಭೆಯಲ್ಲಿ ಲಿಖಿತವಾಗಿ ಕೇಳಬೇಕು. ಹಾಗೇ, ಚರಂಡಿ ಮೇಲೆ ಕಲ್ಲು ಚಪ್ಪಡಿ ಹಾಕಿ ಅಂಗಡಿ ಮುಂದಕ್ಕೆ ತಂದಿರೋರು ಹೂಳು ತೆಗೆಯೋಕೆ ಜಾಗ ಬಿಡಬೇಕು.

ಸರಕು ಹೋದ್ರೆ ತರಬಹುದು

2025ರ ಮೇ 19ರಂದು ಬೆಂಗಳೂರಿನ ಬಿಟಿಎಂ ಲೇಔಟ್‌ನ ಅಪಾರ್ಟ್‌ಮೆಂಟ್ ಒಂದರ ಬೇಸ್‌ಮೆಂಟ್‌ಗೆ ಮಳೆ ನೀರು ನುಗ್ಗಿತ್ತು. ಅದನ್ನ ಮೋಟರ್ ಇಟ್ಟು ಹೊರಹಾಕೋಕೆ ಹೋದ 63 ವರ್ಷದ ನಿವಾಸಿ ಕರೆಂಟ್ ಹೊಡೆದು ಸತ್ತರು. ಅಲ್ಲೇ ಇದ್ದ 12 ವರ್ಷದ ಹುಡುಗನೂ ಉಳಿಯಲಿಲ್ಲ. ನಮ್ಮ ಅಂಗಡಿಗಳಲ್ಲೂ ಸೆಲ್ಲಾರ್ ಖಾಲಿ ಮಾಡೋಕೆ ಇಳಿಯೋದು ಮಾಲೀಕರು, ಇಲ್ಲಾ ಕೆಲಸದ ಹುಡುಗರು.

ಆದ್ದರಿಂದ ಮೀಟರ್ ಬೋರ್ಡ್ ಸೆಲ್ಲಾರ್‌ನಲ್ಲಿದ್ರೆ ಮೇಲಕ್ಕೆ ಹಾಕಿಸಿ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ. ನೀರು ನಿಂತ ಮೇಲೆ ಮೇನ್ ಆಫ್ ಆಗದೆ ಯಾರೂ ಇಳಿಯಬಾರದು. ಮೇನ್ ಇರೋ ಜಾಗಕ್ಕೇ ನೀರು ಬಂದಿದ್ರೆ 1912ಕ್ಕೆ ಫೋನ್ ಮಾಡಿ, ಬೆಸ್ಕಾಂನವರು ಲೈನ್ ಕಟ್ ಮಾಡೋವರೆಗೂ ಕಾಯಿರಿ.

ದಿಲ್ಲಿಯ ಓಲ್ಡ್ ರಾಜಿಂದರ್ ನಗರದಲ್ಲಿ 2024ರ ಜುಲೈ 27ರಂದು ಬೇಸ್‌ಮೆಂಟ್‌ಗೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ಪಾರ್ಕಿಂಗ್, ಸಾಮಾನು ಇಡೋಕೆ ಅಂತ ಅನುಮತಿ ಇದ್ದ ಜಾಗದಲ್ಲಿ ಲೈಬ್ರರಿ ನಡೀತಿತ್ತು. ನಮ್ಮಲ್ಲೂ ಪ್ಲಾನ್‌ನಲ್ಲಿ ಪಾರ್ಕಿಂಗ್ ಅಂತಿದ್ದು, ಒಳಗೆ ಟ್ಯೂಷನ್ನೋ ಅಂಗಡಿಯೋ ನಡೀತಿದ್ರೆ ಮಾಲೀಕರು ಈಗಲೇ ಯೋಚನೆ ಮಾಡಲಿ. ಬಾಡಿಗೆಗೆ ಇರೋರು ಇನ್ಶೂರೆನ್ಸ್ ಪತ್ರದಲ್ಲಿ ಬೇಸ್‌ಮೆಂಟ್ ಸರಕಿನ ಬಗ್ಗೆ ಏನು ಬರೆದಿದೆ ಅಂತ ಓದಿಸಿಕೊಳ್ಳಿ.

ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. 2021ರಲ್ಲಂತೂ ನವೆಂಬರ್‌ನಲ್ಲಿ ಸುರಿದು ಕೆರೆಗಳು ಕೋಡಿ ಹರಿದವು. ದಿಬ್ಬ, ಗುಂಡಿ, ಆರ್‌ಸಿಸಿಬಿ ಎಲ್ಲ ಅದಕ್ಕೂ ಮೊದಲೇ ಆಗಬೇಕು. ದುಡ್ಡು ಒಂದಕ್ಕೇ ಸಾಲೋದಾದ್ರೆ ಮೊದಲು ಕರೆಂಟ್ ಕೆಲಸ ಮಾಡಿಸಿ.